ಅಂಖ್: ಚಪ್ಪಲಿ ಪಟ್ಟಿಯೋ, ಬಟ್ಟೆಯ ಗಂಟೋ?

ಮೇಲೊಂದು ಕುಣಿಕೆ, ಕೆಳಗೆ ಅಡ್ಡಪಟ್ಟಿ, ಅದರಡಿ ಒಂದು ನೇರ ಕಾಲು. ಈಜಿಪ್ಟಿನ ದೇವತೆಗಳ ಕೈಯಲ್ಲಿ ಕಾಣುವ ಈ ಗುರುತೇ ಅಂಖ್. ಈಗ ಪೆಂಡೆಂಟ್‌ಗಳಲ್ಲಿ, ಟ್ಯಾಟೂಗಳಲ್ಲಿ ಎಲ್ಲೆಲ್ಲೂ ಇದೆ. ಜೊತೆಗೆ ಕಥೆಗಳೂ ಜಾಸ್ತಿ: ನೈಲ್ ನದಿಯ ಕೀಲಿಕೈ, ಗಂಡು ಹೆಣ್ಣಿನ ಸಂಗಮ. ಇವೆಲ್ಲ ಬಹಳ ತಡವಾಗಿ ಹುಟ್ಟಿದ ಊಹೆಗಳು.

ಅಂಖ್ ಮೊದಲಿಗೆ ಬರವಣಿಗೆಯ ಒಂದು ಗುರುತು. ಮೂರು ವ್ಯಂಜನಗಳ ಸದ್ದನ್ನು ಅದೊಂದೇ ಹೇಳುತ್ತದೆ. ಆ ಸದ್ದಿಗೆ ಬದುಕು ಎಂಬ ಅರ್ಥವಿತ್ತು. ಆದರೆ ಬದುಕಿನ ಚಿತ್ರ ಬರೆಯುವುದು ಹೇಗೆ? ಕಣ್ಣಿಗೆ ಕಾಣಲ್ಲ ಅಲ್ವಾ? ಅದಕ್ಕೆ ಈಜಿಪ್ಟಿನವರು ಅದೇ ಸದ್ದಿನ ಹೆಸರಿರುವ ಬೇರೊಂದು ವಸ್ತುವಿನ ಚಿತ್ರ ಬರೆದು ಕೆಲಸ ಸಾಗಿಸುತ್ತಿದ್ದರು.

ಯಾವ ವಸ್ತು ಅದು? ವಿದ್ವಾಂಸ ಅಲನ್ ಗಾರ್ಡಿನರ್ ಪ್ರಕಾರ ಚಪ್ಪಲಿಯ ಪಟ್ಟಿ. ಕುಣಿಕೆ ಕಾಲಿನ ಹರಡಿಗೆ ಸುತ್ತುವ ಭಾಗ. ಆ ಪಟ್ಟಿಯ ಹೆಸರಿನಲ್ಲೂ ಇವೇ ವ್ಯಂಜನಗಳಿದ್ದವು. ಬೇರೆ ಕೆಲವರು ಇದು ಬಟ್ಟೆಯ ಅಥವಾ ಜೊಂಡಿನ ಗಂಟು ಎನ್ನುತ್ತಾರೆ. ಸುಮಾರು 5,000 ವರ್ಷ ಹಿಂದಿನ, ಮೊದಲ ರಾಜವಂಶದ ಕಾಲದ ಅಂಖ್‌ಗಳಲ್ಲಿ ಕೆಳಗಿನ ಕಾಲು ಎರಡಾಗಿ ಸೀಳಿದೆ. ಗಂಟಿನಿಂದ ಇಳಿಬಿದ್ದ ಎರಡು ತುದಿಗಳ ಹಾಗೆ. ಐಸಿಸ್ ದೇವಿಯ ಗಂಟು ಎಂಬ ಇನ್ನೊಂದು ಈಜಿಪ್ಟಿನ ಗುರುತಿಗೂ ಇದಕ್ಕೂ ಹೋಲಿಕೆ ಎದ್ದು ಕಾಣುತ್ತದೆ. ನನಗೆ ಈ ಗಂಟಿನ ವಾದವೇ ಹೆಚ್ಚು ಗಟ್ಟಿ ಅನಿಸುತ್ತದೆ.

ಕನ್ನಡಿಗೂ ಅವರ ಮಾತಿನಲ್ಲಿ ಅವೇ ವ್ಯಂಜನಗಳು. ಹಾಗಾಗಿ ರಾಜ ಟುಟಾಂಖಾಮನ್ ಸಮಾಧಿಯಲ್ಲಿ ಸಿಕ್ಕ ಒಂದು ಕನ್ನಡಿ ಪೆಟ್ಟಿಗೆಯನ್ನು ಅಂಖ್ ಆಕಾರದಲ್ಲೇ ಮಾಡಿದ್ದರು. ಅವನ ಹೆಸರಿನ ನಡುವೆಯೂ ಅಂಖ್ ಇದೆ. ರಾಜ ಅಖೆನಾಟನ್ ಕಾಲದ ಕೆತ್ತನೆಗಳಂತೂ ಎಷ್ಟು ಚೆಂದ! ಸೂರ್ಯನ ಕಿರಣಗಳ ತುದಿಯಲ್ಲಿ ಪುಟ್ಟ ಕೈಗಳು. ಅವು ರಾಜ, ರಾಣಿಯ ಮೂಗಿನ ಹತ್ತಿರ ಅಂಖ್ ಹಿಡಿದಿವೆ. ಬದುಕೆಂದರೆ ಉಸಿರು ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಹಳೆಯ ಧರ್ಮ ಮುಗಿದರೂ ಗುರುತು ಉಳಿಯಿತು. ಸುಮಾರು ಕ್ರಿ.ಶ. 391ರಲ್ಲಿ ಅಲೆಕ್ಸಾಂಡ್ರಿಯಾದ ಸೆರಾಪಿಸ್ ದೇಗುಲವನ್ನು ಕೆಡವಿದಾಗ ಕಲ್ಲುಗಳ ಮೇಲೆ ಶಿಲುಬೆಯಂಥ ಗುರುತುಗಳು ಸಿಕ್ಕವಂತೆ. ಅದು ತಮ್ಮದೆಂದು ಕ್ರೈಸ್ತರು, ಹಳೆಯ ಧರ್ಮದವರು ಎರಡೂ ಕಡೆಯವರು ವಾದಿಸಿದರು ಎಂದು ಚರ್ಚ್ ಇತಿಹಾಸಕಾರ ಸಾಕ್ರಟೀಸ್ ಬರೆದಿದ್ದಾನೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಅದನ್ನು ತಮ್ಮ ಶಿಲುಬೆಯಾಗಿ ಸ್ವೀಕರಿಸಿದರು. ಸಮಾಧಿ ಕಲ್ಲು, ಬಟ್ಟೆ, ಪುಸ್ತಕ ಎಲ್ಲದರಲ್ಲೂ ಬಿಡಿಸಿದರು. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿರುವ ಒಂದು ಕಾಪ್ಟಿಕ್ ಹಸ್ತಪ್ರತಿಯ ಕೊನೆಯ ಪುಟದಲ್ಲಿ ಪುಟದ ತುಂಬ ಅಂಖ್ ಶಿಲುಬೆಯೇ ಇದೆ.