‘ಹೊರ್ಲಾ’ ಬರೆಯುವಾಗ ಮೊಪಾಸಾನಿಗೆ ಹುಚ್ಚು ಹಿಡಿದಿತ್ತಾ?

ಓದುಗರ ಪ್ರಶ್ನೆ: ಮೊಪಾಸಾ ‘ಹೊರ್ಲಾ’ ಬರೆದದ್ದು ಬುದ್ಧಿ ಕೆಟ್ಟ ಮೇಲಂತೆ, ಅದು ಅವನದೇ ಡೈರಿಯಂತೆ. ನಿಜವಾ?

ಅಲ್ಲ. ಆದರೆ ಈ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ‘ಹೊರ್ಲಾ’ ಅನ್ನುವುದು ಕಣ್ಣಿಗೆ ಕಾಣದ ಜೀವಿಯೊಂದು ತನ್ನನ್ನು ಕಾಡುತ್ತಿದೆ ಅಂತ ನಂಬಿದವನ ಕತೆ. 1892ರ ಜನವರಿಯಲ್ಲಿ ಫ್ರೆಂಚ್ ಕತೆಗಾರ ಗಿ ದ ಮೊಪಾಸಾ ತನ್ನ ಕತ್ತು ತಾನೇ ಕೊಯ್ದುಕೊಂಡ. ಜೀವ ಉಳಿಯಿತು. ಪ್ಯಾರಿಸ್ಸಿನ ಪಾಸಿಯಲ್ಲಿದ್ದ ಡಾಕ್ಟರ್ ಬ್ಲಾಂಶ್ ಅವರ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಮರುವರ್ಷ ಜುಲೈನಲ್ಲಿ ಅಲ್ಲೇ ತೀರಿಕೊಂಡ, 43 ತುಂಬಲು ಇನ್ನೊಂದು ತಿಂಗಳಿತ್ತು. ಸಿಫಿಲಿಸ್ ಅವನ ಮಿದುಳನ್ನು ತಿಂದುಹಾಕಿತ್ತು. ತಮ್ಮ ಎರ್ವೆಯೂ ಬುದ್ಧಿ ಕೆಟ್ಟು 1889ರಲ್ಲಿ ಸತ್ತಿದ್ದ. ಇಷ್ಟೆಲ್ಲ ತಿಳಿದು ಕತೆ ಓದಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಕತೆ ಬಂದದ್ದು ಮಾತ್ರ ಅವನು ಕತ್ತು ಕೊಯ್ದುಕೊಳ್ಳುವುದಕ್ಕೂ ಐದು ವರ್ಷ ಮೊದಲು. ಅದೂ ಒಂದೇ ಸಲಕ್ಕೆ ಬರೆದು ಮುಗಿಸಿದ್ದಲ್ಲ. 1886ರ ಅಕ್ಟೋಬರಿನಲ್ಲಿ ‘ಜಿಲ್ ಬ್ಲಾಸ್’ ಪತ್ರಿಕೆಯಲ್ಲಿ ಮೊದಲ ರೂಪ ಅಚ್ಚಾಯಿತು. ಅದರಲ್ಲಿ ಒಬ್ಬ ರೋಗಿ ತನ್ನ ಕತೆಯನ್ನು ವೈದ್ಯರ ಗುಂಪಿನ ಮುಂದೆ ಹೇಳುತ್ತಾನೆ. ಅವನ ನೆರೆಯವರು ಮೂವರಿಗೂ ಇದೇ ಕಾಟ ಶುರುವಾಗಿದೆ ಅಂತ ಡಾಕ್ಟರೇ ಒಪ್ಪುತ್ತಾರೆ. 1887ರಲ್ಲಿ ಮೊಪಾಸಾ ಅದನ್ನೇ ಡೈರಿಯ ರೂಪದಲ್ಲಿ ಹೊಸದಾಗಿ ಬರೆದ. ಡಾಕ್ಟರ ಸಾಕ್ಷಿ ಹೋಯಿತು. ಈಗ ನಮಗೆ ಉಳಿದದ್ದು ಒಬ್ಬನ ಮಾತು ಮಾತ್ರ. ನಂಬಲೂ ಆಗದು, ಬಿಡಲೂ ಆಗದು. ನನ್ನ ಮಟ್ಟಿಗೆ ಕತೆಯ ಭಯವೆಲ್ಲ ಇರುವುದು ಈ ತಿದ್ದುಪಡಿಯಲ್ಲಿ.

ನೀರಿನ ಬಾಟಲಿಯ ಪ್ರಸಂಗ ನೋಡಿ. ರೂಆನ್ ಹತ್ತಿರ, ಸೇನ್ ನದಿ ದಂಡೆಯ ಮನೆ. ಮಲಗುವ ಮುಂಚೆ ಇಟ್ಟ ನೀರು, ಹಾಲು ಬೆಳಗಾಗುವಷ್ಟರಲ್ಲಿ ಖಾಲಿ. ನಿದ್ದೆಗಣ್ಣಲ್ಲಿ ನಾನೇ ಕುಡಿಯುತ್ತಿದ್ದೇನಾ ಅಂತ ಕತೆಯ ನಾಯಕನಿಗೆ ಅನುಮಾನ. ಬಾಟಲಿಗಳಿಗೆ ಬಿಳಿ ಮಸ್ಲಿನ್ ಬಟ್ಟೆ ಸುತ್ತಿ, ಬಿರಡೆಗೆ ದಾರ ಬಿಗಿಯುತ್ತಾನೆ. ಆಮೇಲೆ ತನ್ನ ತುಟಿ, ಗಡ್ಡ, ಕೈಗಳಿಗೆ ಪೆನ್ಸಿಲ್ ಕಡ್ಡಿಯ ಕಪ್ಪು ಪುಡಿ ಉಜ್ಜಿಕೊಂಡು ಮಲಗುತ್ತಾನೆ. ಮುಟ್ಟಿದರೆ ಕಲೆ ಆಗಲೇಬೇಕು, ಅಲ್ವಾ? ಬೆಳಿಗ್ಗೆ ಎದ್ದರೆ ಬಟ್ಟೆಯ ಮೇಲೆ ಒಂದು ಚುಕ್ಕೆಯೂ ಇಲ್ಲ. ನಡುಗುತ್ತಾ ದಾರ ಬಿಚ್ಚುತ್ತಾನೆ. ನೀರೂ ಇಲ್ಲ, ಹಾಲೂ ಇಲ್ಲ.

ಹುಚ್ಚನೊಬ್ಬ ಇಷ್ಟು ಶಿಸ್ತಾಗಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುತ್ತಾನೆ ಅನ್ನುವುದೇ ನಮ್ಮನ್ನು ಅಲುಗಾಡಿಸುತ್ತದೆ. ಮೊಪಾಸಾ ಇದಕ್ಕೆ ತಯಾರಿ ಮಾಡಿಕೊಂಡಿದ್ದ. ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ, ಸಮ್ಮೋಹನ (ಹಿಪ್ನಾಟಿಸಂ) ಬಳಸುತ್ತಿದ್ದ ನರರೋಗ ತಜ್ಞ ಶಾರ್ಕೋ ಕೊಡುತ್ತಿದ್ದ ಉಪನ್ಯಾಸಗಳಿಗೆ ಹೋಗಿ ಕೂತಿದ್ದ. ಕತೆಯ ಸಮ್ಮೋಹನದ ಪ್ರಸಂಗದಲ್ಲಿ ಆ ಕಾಲದ ಚರ್ಚೆಗಳು ನೇರವಾಗಿ ಕಾಣುತ್ತವೆ.

ಹೆಸರನ್ನೂ ಅವನೇ ಕಟ್ಟಿದ್ದು. ಫ್ರೆಂಚ್‌ನಲ್ಲಿ ‘ಓರ್’ ಅಂದರೆ ಹೊರಗೆ, ‘ಲಾ’ ಅಂದರೆ ಅಲ್ಲಿ. ಹೀಗೆ ಬಿಡಿಸಿ ಓದುವವರೇ ಜಾಸ್ತಿ. (ನಮಗೆ ‘ಹೊರ್ಲಾ’ ಅಂದಕೂಡಲೇ ‘ಹೊರಗೆ’ ಕೇಳಿಸುತ್ತದೆ. ಎರಡು ಭಾಷೆಗೂ ನಂಟಿಲ್ಲ, ಆದರೂ ನನಗೆ ಇದು ತುಂಬ ಇಷ್ಟ.)

ಈ ಪುಕಾರು ಏಳುತ್ತದೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಹಸ್ತಪ್ರತಿ ಕಳಿಸಿದ ಮೇಲೆ, ಇನ್ನೊಂದು ವಾರದಲ್ಲಿ ಪತ್ರಿಕೆಗಳು ನನ್ನನ್ನು ಹುಚ್ಚ ಅನ್ನುತ್ತವೆ, ಆದರೆ ಬರೆಯುವಾಗ ನನ್ನ ತಲೆ ಸರಿಯಾಗೇ ಇತ್ತು ಎಂಬ ಅರ್ಥದಲ್ಲಿ ಅವನು ಹೇಳಿದ್ದನ್ನು ಮನೆಯಾಳು ಫ್ರಾಂಸ್ವಾ ತಸ್ಸಾರ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾನೆ. 1887ರ ಜುಲೈನಲ್ಲಿ ‘ಹೊರ್ಲಾ’ ಅಂತಲೇ ಹೆಸರಿಟ್ಟ ಬಲೂನ್ ಏರಿ ಪ್ಯಾರಿಸ್ಸಿನಿಂದ ಬೆಲ್ಜಿಯಂವರೆಗೂ ಹಾರಿದ. ಮರುವರ್ಷದ ಶುರುವಿನಲ್ಲಿ ‘ಪಿಯೇರ್ ಮತ್ತು ಜಾನ್’ ಕಾದಂಬರಿ ಬಂತು.

ಕಣ್ಣಿನ ತೊಂದರೆ, ತಲೆನೋವು ಆಗಲೇ ಅವನನ್ನು ಹಿಂಡುತ್ತಿದ್ದವು, ಅದು ನಿಜ. ಆ ನೋವು ಕತೆಗೆ ಇಳಿದಿರಬಹುದು. ಆದರೆ ಅದನ್ನು ಕತೆಯಾಗಿ ಕಟ್ಟಿದ್ದು ಪಳಗಿದ ಕೈ. ಎರಡನೇ ರೂಪಕ್ಕೆ ಅವನು ಹೊಸದಾಗಿ ಸೇರಿಸಿದ ಕೊನೆಯನ್ನು ಓದಿ. ಕಾಣದ ಜೀವಿಯನ್ನು ಕೋಣೆಯಲ್ಲಿ ಕೂಡಿಹಾಕಿದೆ ಅಂದುಕೊಂಡು ನಾಯಕ ಮನೆಗೆ ಬೆಂಕಿ ಇಡುತ್ತಾನೆ. ತೋಟದಲ್ಲಿ ಅಡಗಿ ನೋಡುತ್ತಾ ನಿಂತಿರುತ್ತಾನೆ. ಆಗ ಹೆಂಗಸೊಬ್ಬಳ ಚೀರಾಟ. ಮೇಲಿನ ಎರಡು ಕಿಟಕಿಗಳು ತೆರೆದುಕೊಳ್ಳುತ್ತವೆ. ಒಳಗೆ ಆಳುಗಳು ಮಲಗಿದ್ದರು ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಬರೆದವನು ಮರೆತಿರಲಿಲ್ಲ.