ಬೂದಿ ಮುಚ್ಚಿದ ತೂತು: ಪೆಲೆಟ್ ಒಲೆಯ ಕಷ್ಟಸುಖ

ಸೌದೆ ಒಲೆಯ ಉರಿ ಮಂಕಾದರೆ ಊದುಗೊಳವೆ ಹಿಡಿದು ಊದುತ್ತೇವೆ. ಚಳಿ ದೇಶಗಳ ಮನೆ ಬೆಚ್ಚಗಿಡುವ ಪೆಲೆಟ್ ಒಲೆಯಲ್ಲಿ ಈ ಕೆಲಸ ತಿರುಗುಮುರುಗು. ಹೊಗೆ ಹೊರಹೋಗುವ ಕಡೆ ಕೂತ ಫ್ಯಾನು ಒಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತದೆ. ತೆರವಾದ ಜಾಗಕ್ಕೆ ಹೊಸ ಗಾಳಿ ಉರಿಬಟ್ಟಲಿನ ತೂತುಗಳಿಂದ ನುಗ್ಗುತ್ತದೆ. ಒಲೆ ಕೆಟ್ಟಿತು ಎಂದು ಜನ ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ ಬಹುಪಾಲು ಕೆಟ್ಟಿರುವುದು ಯಂತ್ರವಲ್ಲ, ಈ ಗಾಳಿಯ ದಾರಿ.

ಮನೆಬಳಕೆಯ ಪೆಲೆಟ್ ಒಲೆ ಬಂದದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದಿಂದ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ, ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರ್ರಿ ವಿಟ್‌ಫೀಲ್ಡ್ 1980ರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ರೂಪಿಸಿದರು. ಇಂದು ಇಟಲಿಯಲ್ಲಿ ಲಕ್ಷಾಂತರ ಮನೆಗಳಲ್ಲಿ ಇದು ಉರಿಯುತ್ತಿದೆ. ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, 6 ಮಿಲಿಮೀಟರ್ ದಪ್ಪದ ಕಡ್ಡಿ. ಅಂಟು ಬೇಕಿಲ್ಲ, ಒತ್ತುವಾಗಿನ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ, ಆರಿದ ಮೇಲೆ ಹಿಡಿದುಕೊಳ್ಳುತ್ತದೆ. ಯುರೋಪಿನ ಎ1 ದರ್ಜೆಯ ಪೆಲೆಟ್‌ನಲ್ಲಿ ತೇವಾಂಶ ಶೇ 10, ಬೂದಿ ಶೇ 0.7 ಮೀರುವಂತಿಲ್ಲ. ಒಂದು ಕಿಲೋ ಪೆಲೆಟ್ ಸುಮಾರು 4.8 ಯೂನಿಟ್ ಕರೆಂಟಿನಷ್ಟು ಶಾಖ ಕೊಡುತ್ತದೆ, ಒಳ್ಳೆಯ ಒಲೆಯಾದರೆ ಅದರಲ್ಲಿ 4ರಷ್ಟು ಕೋಣೆಗೆ ದಕ್ಕುತ್ತದೆ. ಗಂಟೆಗೆ ಮುಕ್ಕಾಲು ಕಿಲೋ ಉರಿಸಿದರೆ 15 ಕಿಲೋ ಚೀಲ 20 ಗಂಟೆಗೆ ಸಾಕು.

ಚೀಲಗಳನ್ನು ಬರಿ ಸಿಮೆಂಟ್ ನೆಲದ ಮೇಲೆ ಇಡಬೇಡಿ, ಕೆಳಗೆ ಹಲಗೆ ಇರಲಿ. ಪಸೆ ತಾಗಿದ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ಆ ಹೊಟ್ಟು ಒಲೆಯೊಳಗೆ ಪೆಲೆಟ್ ಸಾಗಿಸುವ ತಿರುಪಿನಲ್ಲಿ ಗಿಡಿದು ಕೂರುತ್ತದೆ.

ಈ ತಿರುಪಿಗೆ ಆಗರ್ ಎನ್ನುತ್ತಾರೆ. ಗಿರಣಿಯ ಬಾಯಿಯಂತಿರುವ ಹಾಪರ್‌ಗೆ ಸುರಿದ ಪೆಲೆಟ್ಟನ್ನು ಇದು ನಿಮಿಷಕ್ಕೆ ಒಂದೆರಡು ಸುತ್ತಿನಷ್ಟು ನಿಧಾನವಾಗಿ, ಆಗಾಗ ನಿಂತು ನಿಂತು ತಿರುಗುತ್ತಾ ಸಾಗಿಸಿ ಉರಿಬಟ್ಟಲಿಗೆ ಬೀಳಿಸುತ್ತದೆ. ಸ್ವಿಚ್ ಒತ್ತಿದಾಗ ಮೊದಲು ಒಂದು ಹಿಡಿ ಪೆಲೆಟ್ ಬೀಳುತ್ತದೆ. ಸುಮಾರು 300 ವ್ಯಾಟಿನ ಇಗ್ನೈಟರ್ ಕಡ್ಡಿ ಗಾಳಿಯನ್ನು ಕಾಯಿಸಿ ಅದಕ್ಕೆ ಉರಿ ಹತ್ತಿಸುತ್ತದೆ. ಐದರಿಂದ ಹತ್ತು ನಿಮಿಷ ಬೇಕು. ಹತ್ತಲಿಲ್ಲವೆಂದು ಮತ್ತೆ ಸ್ವಿಚ್ ಒತ್ತುವುದು ಅಪಾಯ. ಬಟ್ಟಲಲ್ಲಿ ಪೆಲೆಟ್ ಗುಡ್ಡೆಯಾಗಿ, ಒಲೆ ತುಂಬ ದಟ್ಟ ಹೊಗೆ ಸೇರಿ, ಕೊನೆಗೆ ಕಿಡಿ ತಾಗಿದಾಗ ಆ ಹೊಗೆಯೇ ಢಬ್ಬೆಂದು ಹೊತ್ತಿಕೊಳ್ಳಬಹುದು. ಒಲೆ ಆರಿಸಿ, ತಣ್ಣಗಾದ ಮೇಲೆ ಬಟ್ಟಲು ಬರಿದು ಮಾಡಿಯೇ ಎರಡನೇ ಪ್ರಯತ್ನ. ತೆಗೆದ ಪೆಲೆಟ್ ಹಾಪರ್‌ಗೆ ವಾಪಸ್ ಹಾಕಬಾರದು, ಒಳಗೆಲ್ಲೋ ಕಿಡಿ ಇದ್ದೀತು.

ಗಾಜಿನಾಚೆಯ ಉರಿ ನೋಡಿದರೇ ಅರ್ಧ ರೋಗ ಗೊತ್ತಾಗುತ್ತದೆ. ಗಿಡ್ಡಗೆ, ಚುರುಕಾಗಿ, ಹಳದಿ ಬಿಳುಪಿಗೆ ತಿರುಗಿ, ಬಟ್ಟಲಲ್ಲಿ ಪೆಲೆಟ್ ಚೂರುಗಳು ಕುಣಿಯುತ್ತಿದ್ದರೆ ಸರಿ. ಉದ್ದಕ್ಕೆ, ಸೋಮಾರಿಯಾಗಿ, ಕಿತ್ತಳೆ ಬಣ್ಣದಲ್ಲಿ ತೂಗಾಡಿ, ಗಾಜು ಒಂದೇ ದಿನದಲ್ಲಿ ಕಪ್ಪಾದರೆ ಗಾಳಿ ಸಾಲುತ್ತಿಲ್ಲ. ಮೊದಲ ಅನುಮಾನ ಬಟ್ಟಲಿನ ತೂತುಗಳ ಮೇಲೆ. ಪೆಲೆಟ್‌ನಲ್ಲಿ ತೊಗಟೆ ಅಥವಾ ಮರಳು ಬೆರೆತಿದ್ದರೆ ಅದರ ಸಿಲಿಕಾ, ಪೊಟ್ಯಾಸಿಯಂ ಸೇರಿ ಕರಗಿ ಗಾಜಿನಂತೆ ಗಟ್ಟಿಯಾಗುತ್ತವೆ. ಇದೇ ಕ್ಲಿಂಕರ್. ನಮ್ಮ ಕಡೆಯ ಭತ್ತದ ಹೊಟ್ಟಿನಿಂದ ಮಾಡಿದ ಪೆಲೆಟ್ ಈ ಒಲೆಗೆ ಆಗಿಬರದ್ದು ಇದಕ್ಕೇ. ಅದರಲ್ಲಿ ಬೂದಿಯೇ ಶೇ 15-20, ಆ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾ.

ದಿನಕ್ಕೊಮ್ಮೆ, ಒಲೆ ತಣ್ಣಗಿರುವಾಗ, ಬಟ್ಟಲು ಎತ್ತಿ ಕೆರೆದು ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತಿನಿಂದಲೂ ಬೆಳಕು ಕಾಣಬೇಕು. ಕಾಣದ್ದನ್ನು ಮೊಳೆಯಿಂದ ಚುಚ್ಚಿ ಬಿಡಿಸಿ. ವಾಪಸ್ ಇಡುವಾಗ ಬಟ್ಟಲು ಅದರ ಜಾಗದಲ್ಲಿ ಅಲುಗದೆ ಕೂರಬೇಕು. ಅಡಿಯಲ್ಲಿ ಒಂದು ಚೂರು ಬೂದಿ ಸಿಕ್ಕಿಕೊಂಡರೂ ಗಾಳಿ ತೂತು ಬಿಟ್ಟು ಸಂದಿಯಲ್ಲಿ ನುಸುಳುತ್ತದೆ.

ತೂತು ತೆರೆದಿದ್ದೂ ಉರಿ ಮಂಕೇ? ಒಲೆಯ ಬಾಗಿಲಿನ ಸುತ್ತಲಿನ ಹಗ್ಗದಂಥ ಗ್ಯಾಸ್ಕೆಟ್ ನೋಡಿ. ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಬಿಗಿ ಇಲ್ಲದೆ ಸರ್‍ರನೆ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಸವೆದಿದೆ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಬಾಗಿಲಿನ ಸಂದಿಯಿಂದ ಬಂದದ್ದು ಉರಿಯ ಬುಡಕ್ಕೆ ತಲುಪುವುದೇ ಇಲ್ಲ. ಸೋರಿಕೆ ಹೆಚ್ಚಾದರೆ, ಇಲ್ಲವೇ ಹೊಗೆಕೊಳವೆ ಕಟ್ಟಿಕೊಂಡರೆ, ಒಳಗಿನ ಎಳೆತ ಅಳೆಯುವ ವ್ಯಾಕ್ಯೂಮ್ ಸ್ವಿಚ್ ಆಗರ್‌ನ ಕರೆಂಟ್ ಕಡಿದುಬಿಡುತ್ತದೆ. ಆಗರ್ ಮೋಟಾರು ಸುಟ್ಟಿದೆ ಎಂದು ಹೊಸದು ತರಿಸುವವರು ಮೊದಲು ಈ ಸ್ವಿಚ್ಚಿನ ಸಣ್ಣ ರಬ್ಬರ್ ಕೊಳವೆಯಲ್ಲಿ ಬೂದಿ ಕೂತಿದೆಯೇ ನೋಡಲಿ. ದುಡ್ಡು ಉಳಿಯುತ್ತದೆ.

ಬೂದಿಯದು ಬೇರೆಯೇ ಅಧ್ಯಾಯ. ಒಂದು ಟನ್ ಪೆಲೆಟ್‌ಗೆ ಐದಾರು ಕಿಲೋ ಬೂದಿ ಅಷ್ಟೇ, ಆದರೆ ನಯವಾದ ಪುಡಿ. ಮನೆಯ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದರೆ ಫಿಲ್ಟರ್ ದಾಟಿ ಕೋಣೆಗೆ ಹಾರುತ್ತದೆ, ಕೆಂಡದ ಚೂರಿದ್ದರೆ ಚೀಲಕ್ಕೇ ಬೆಂಕಿ. ಬೂದಿಗೆಂದೇ ಮಾಡಿದ, ಲೋಹದ ಡಬ್ಬದ ವ್ಯಾಕ್ಯೂಮ್ ಬೇಕು. ತೆಗೆದ ಬೂದಿ ಮುಚ್ಚಳವಿರುವ ಲೋಹದ ಬಕೆಟ್‌ನಲ್ಲಿ, ಮನೆಯ ಹೊರಗೆ, ದಿನಗಟ್ಟಲೆ ಇರಲಿ. ಬೂದಿ ಮುಚ್ಚಿದ ಕೆಂಡ ಇಲ್ಲಿ ಬರಿ ಗಾದೆಯ ಮಾತಲ್ಲ. ಗಾಜಿಗೆ ಮಾತ್ರ ಇದೇ ಬೂದಿ ಮದ್ದು. ಒದ್ದೆ ಕಾಗದಕ್ಕೆ ಚಿಟಿಕೆ ಹಚ್ಚಿ, ತಣ್ಣಗಿನ ಗಾಜು ಒರೆಸಿದರೆ ಕಿಟ್ಟ ಬಿಡುತ್ತದೆ. ಅಜ್ಜಿಯರು ಪಾತ್ರೆ ತಿಕ್ಕಿದ್ದೂ ಈ ಕ್ಷಾರದಿಂದಲೇ.

ಕರೆಂಟ್ ಹೋದರೆ ಫ್ಯಾನು ನಿಲ್ಲುತ್ತದೆ, ಬಟ್ಟಲಲ್ಲಿ ಉಳಿದ ಪೆಲೆಟ್ಟಿನ ಹೊಗೆ ಮನೆಗೆ ನುಗ್ಗಬಹುದು. ಒಲೆಯ ಬಾಗಿಲು ತೆಗೆಯಬೇಡಿ, ತಾನಾಗಿ ಆರಲಿ. ಉರಿಯುವಾಗ ಒಲೆಗೆ ಬೇಕಾದ್ದು ನೂರು ವ್ಯಾಟಿನ ಆಸುಪಾಸು, ಸಣ್ಣ ಯುಪಿಎಸ್ ಇದ್ದರೆ ಫ್ಯಾನು ಓಡುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಲೆ ಹಚ್ಚಲೇಬಾರದು. ರಾಶಿಗಟ್ಟಲೆ ಪೆಲೆಟ್ ತುಂಬಿದ ಮುಚ್ಚಿದ ಕೋಣೆಯಲ್ಲಿ ಬೆಂಕಿಯೇ ಇಲ್ಲದೆಯೂ ಈ ಅನಿಲ ಸೇರುತ್ತದೆ, ಮರದ ಕೊಬ್ಬಿನಂಶ ಗಾಳಿಯೊಡನೆ ಕೂಡಿ ಹುಟ್ಟುವುದು. ಗಾಳಿಯಾಡಿಸದೆ ಅಂಥಲ್ಲಿಗೆ ಇಳಿದವರು ಯುರೋಪಿನಲ್ಲಿ ಸತ್ತಿದ್ದಾರೆ.

ಚಳಿಗಾಲ ಮುಗಿದಾಗ ಹಾಪರ್ ಖಾಲಿ ಮಾಡಿ, ಆಗರ್ ಬರಿದಾಗುವವರೆಗೆ ಓಡಿಸಿ, ತಳದ ಹೊಟ್ಟು ತೆಗೆಯಿರಿ. ಹೊಗೆಕೊಳವೆ, ಫ್ಯಾನಿನ ರೆಕ್ಕೆ, ಹಿಂಬದಿಯ ಬೂದಿಗೂಡು ಎಲ್ಲ ಆಗಲೇ ಗುಡಿಸಬೇಕು, ಮುಂದಿನ ಚಳಿಗೆ ಎಂದು ಬಿಡಬಾರದು. ಬೇಸಿಗೆಯ ಗಾಳಿಯಲ್ಲಿನ ತೇವ ಹೀರಿದ ಬೂದಿ, ಒಲೆಯ ಕಬ್ಬಿಣವನ್ನು ಅಲ್ಲೇ ಕೂತು ತಿನ್ನುತ್ತದೆ.