ಪೆನ್ನಿನ ಗೆರೆ ದಾಟಿದ ಕಲೆ

ನನ್ನ ಬಳಿ ರೋಗ ಬಂದ ಆರ್ಕಿಡ್ ತರುವವರಲ್ಲಿ ಹೆಚ್ಚಿನವರು ಎರಡು ವಸ್ತು ಒಟ್ಟಿಗೆ ತರುತ್ತಾರೆ. ಒಂದು ಕೈಯಲ್ಲಿ ಕಲೆಬಿದ್ದ ಗಿಡ, ಇನ್ನೊಂದರಲ್ಲಿ ಆಗಲೇ ಅರ್ಧ ಖಾಲಿಯಾದ ಔಷಧಿ ಸೀಸೆ. ‘ಮೂರು ಸಲ ಹೊಡೆದೆ, ಕಲೆ ಹೋಗಲೇ ಇಲ್ಲ’ ಎಂಬ ದೂರು. ಕಲೆ ಹೋಗುವುದೂ ಇಲ್ಲ. ಸತ್ತ ಜೀವಕೋಶಕ್ಕೆ ಮತ್ತೆ ಹಸಿರು ಬರಿಸುವ ಔಷಧಿ ಎಲ್ಲೂ ಸಿಗುವುದಿಲ್ಲ. ಆರ್ಕಿಡ್ ಎಲೆ ಎರಡು ಮೂರು ವರ್ಷ ಗಿಡದಲ್ಲೇ ಇರುವಂಥದ್ದು. ಅದರ ಗಾಯದ ಗುರುತೂ ಅಷ್ಟು ಕಾಲ ಇರುತ್ತದೆ. ಚಿಕಿತ್ಸೆ ಹಿಡಿಯಿತೋ ಇಲ್ಲವೋ ಎಂದು ತಿಳಿಯಲು ಕಲೆಯ ಅಂಚನ್ನು ನೋಡಬೇಕು.

ಹಾಗಾಗಿ ನಾನು ಮೊದಲು ತೆಗೆಯುವುದು ಮಾರ್ಕರ್ ಪೆನ್ನು. ಕಲೆಯ ಅಂಚಿನುದ್ದಕ್ಕೂ ಒಂದು ಗೆರೆ ಎಳೆದು, ಪಕ್ಕದಲ್ಲಿ ದಿನ ಮತ್ತು ಹೊತ್ತು ಬರೆದಿಡುತ್ತೇನೆ. ಮರುದಿನ ಬೆಳಿಗ್ಗೆಗೆ ಕಲೆ ಗೆರೆ ದಾಟಿ ಬೆರಳಗಲ ಮುಂದೆ ಹೋಗಿದ್ದರೆ ಬ್ಯಾಕ್ಟೀರಿಯಾ, ಇಲ್ಲವೇ ಕಪ್ಪು ಕೊಳೆ. ವಾರಗಟ್ಟಲೆ ತೆಗೆದುಕೊಂಡು ಕೂದಲೆಳೆಯಷ್ಟು ಹಿಗ್ಗಿದರೆ ಬಹುಮಟ್ಟಿಗೆ ಶಿಲೀಂಧ್ರದ ಎಲೆಚುಕ್ಕೆ. ತಿಂಗಳಾದರೂ ಗೆರೆಯೊಳಗೇ ಒಣಗಿ ಕೂತಿದ್ದರೆ ಅದು ರೋಗವೇ ಅಲ್ಲ: ಬಿಸಿಲು ಸುಟ್ಟದ್ದು, ತಣ್ಣೀರು ಬಿದ್ದು ಕುಸಿದದ್ದು, ಯಾವಾಗಲೋ ತಗುಲಿದ ಪೆಟ್ಟು. ಬಿಸಿಲ ಸುಟ್ಟಗಾಯಕ್ಕೆ ತಿಂಗಳುಗಟ್ಟಲೆ ಶಿಲೀಂಧ್ರನಾಶಕ ಹೊಡೆದವರನ್ನು ಕಂಡಿದ್ದೇನೆ. ‘ಔಷಧಿಯಿಂದಲೇ ನಿಂತಿತು’ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಆದರೆ ಕಲೆ ಒದ್ದೆಯಾಗಿದ್ದು, ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿದ್ದರೆ ಪೆನ್ನು ಹುಡುಕುತ್ತಾ ಕೂರಬೇಡಿ. ಎಲೆಯನ್ನು ದೀಪಕ್ಕೆ ಅಡ್ಡ ಹಿಡಿಯಿರಿ. ಎಣ್ಣೆ ಹೀರಿದ ಕಾಗದದಂತೆ ಆ ಜಾಗ ಬೆಳಕು ಬಿಡುತ್ತಿದ್ದರೆ ಮೊದಲ ಶಂಕೆ ಬ್ಯಾಕ್ಟೀರಿಯಾದ ಮೇಲೆ. ಇನ್ನೂ ಅನುಮಾನವಿದ್ದರೆ ಕಲೆಯ ಅಂಚಿನ ಒಂದು ಚೂರು ಕತ್ತರಿಸಿ ತಿಳಿನೀರಿನ ಲೋಟದಲ್ಲಿ ಬಿಡಿ. ಕತ್ತರಿಸಿದ ಕಡೆಯಿಂದ ಹಾಲಿನಂಥ ಎಳೆ ಇಳಿಯತೊಡಗಿದರೆ ಅನುಮಾನ ಉಳಿಯುವುದಿಲ್ಲ.

ಫೆಲನಾಪ್ಸಿಸ್ ಎಂಬ ಬಗೆಯ ಆರ್ಕಿಡ್‌ನಲ್ಲಿ ಹೆಚ್ಚಾಗಿ ಕಾಡುವುದು ಕಂದು ಚುಕ್ಕೆ ರೋಗ. ಇದರ ಬ್ಯಾಕ್ಟೀರಿಯಾವನ್ನು ಹಳೆಯ ಪುಸ್ತಕಗಳು ಸ್ಯೂಡೊಮೊನಾಸ್ ಕ್ಯಾಟ್ಲಿಯೇ ಎನ್ನುತ್ತವೆ, ಈಗ ಅದು ಅಸಿಡೊವೊರಾಕ್ಸ್. ಮೊದಲಿಗೆ ನೀರು ತುಂಬಿದ ಗುಳ್ಳೆ, ಆಮೇಲೆ ಅದು ಕಂದಿ ಕಪ್ಪಾಗುತ್ತದೆ, ಹತ್ತಿರದವು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೊನೆಗೆ ರಸ ಜಿನುಗುತ್ತದೆ. ಆ ಒಂದು ಹನಿಯಲ್ಲಿ ಪಕ್ಕದ ಹತ್ತು ಕುಂಡಗಳಿಗೆ ಸಾಲುವಷ್ಟು ಸೋಂಕಿರುತ್ತದೆ, ನೀವು ಹಾಕುವ ನೀರು ಅದನ್ನು ಸಿಡಿಸಿ ಹಂಚುತ್ತದೆ. ಇದಕ್ಕಿಂತ ಉಗ್ರವಾದದ್ದು ಮೆದು ಕೊಳೆ. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಟ್ಟಿರುವ ಪೆಕ್ಟಿನ್ನನ್ನೇ ಕರಗಿಸುವ ಕಿಣ್ವಗಳು ಇದರ ಆಯುಧ. ಸಂಜೆ ಕಂಡ ಚುಕ್ಕೆ ಒಂದೆರಡು ದಿನದಲ್ಲಿ ಇಡೀ ಎಲೆಯನ್ನು ನೀರು ತುಂಬಿದ ಚೀಲ ಮಾಡಿರುತ್ತದೆ, ಜೊತೆಗೆ ಮೂಗು ಮುಚ್ಚಿಕೊಳ್ಳುವಂಥ ನಾತ. ಎರ್ವಿನಿಯಾ ಎಂದು ಕರೆಯುತ್ತಿದ್ದ ಈ ಬ್ಯಾಕ್ಟೀರಿಯಾಗಳನ್ನು ಈಗ ಪೆಕ್ಟೊಬ್ಯಾಕ್ಟೀರಿಯಂ, ಡಿಕೆಯಾ ಎಂದು ಬೇರ್ಪಡಿಸಿದ್ದಾರೆ. ಹೆಸರು ಬದಲಾಯಿತು, ನಾತ ಮಾತ್ರ ಅದೇ.

ಬ್ಯಾಕ್ಟೀರಿಯಾಕ್ಕೆ ಮೊದಲ ಮದ್ದು ಬ್ಲೇಡು. ಎಲೆಯೊಳಗೆ ಇಳಿದ ಬ್ಯಾಕ್ಟೀರಿಯಾವನ್ನು ಮೇಲಿನಿಂದ ಹೊಡೆದ ಯಾವ ಔಷಧಿಯೂ ಸರಿಯಾಗಿ ಮುಟ್ಟುವುದಿಲ್ಲ. ಕಲೆಯ ಅಂಚಿನಿಂದ ಕನಿಷ್ಠ 1ರಿಂದ 2 ಸೆಂಟಿಮೀಟರ್ ಆಚೆ, ಕಣ್ಣಿಗೆ ಪೂರ್ತಿ ಆರೋಗ್ಯವಾಗಿ ಕಾಣುವ ಹಸಿರಿನಲ್ಲಿ ಕತ್ತರಿಸಬೇಕು. ಇಲ್ಲಿ ಜಿಪುಣತನ ಮಾಡಿದವರು ನಾಲ್ಕು ದಿನ ಬಿಟ್ಟು ಮತ್ತೆ ಕತ್ತರಿಸುತ್ತಾರೆ. ಒಂದೊಂದು ಕತ್ತರಿಕೆಗೂ ಬ್ಲೇಡನ್ನು ಬೆಂಕಿಗೆ ಹಿಡಿಯಿರಿ, ಅಥವಾ ಹೊಸ ಬ್ಲೇಡು ತೆಗೆದುಕೊಳ್ಳಿ. ಆಲ್ಕೋಹಾಲಿನಲ್ಲಿ ಒರೆಸಿದರೆ ಬ್ಯಾಕ್ಟೀರಿಯಾಕ್ಕೇನೋ ಸಾಕು, ಆದರೆ ಸಿಂಬಿಡಿಯಂ ಮೊಸಾಯಿಕ್‌ನಂಥ ವೈರಸ್ ಅದಕ್ಕೆ ಜಗ್ಗುವುದಿಲ್ಲ. ಗಿಡದಲ್ಲಿ ವೈರಸ್ ಇದೆಯೋ ಇಲ್ಲವೋ ಎಂಬುದು ನೋಡಿದ ಮಾತ್ರಕ್ಕೆ ತಿಳಿಯದು. ಕಲೆ ಎಲೆಯ ಬುಡಕ್ಕೆ ಹತ್ತಿರವಿದ್ದರೆ ಇಡೀ ಎಲೆಯನ್ನೇ ತೆಗೆಯಬೇಕು: ನಡುನರದ ಗುಂಟ ತುದಿಯಿಂದ ಬುಡದವರೆಗೆ ಸೀಳಿ, ಎರಡು ಹೋಳುಗಳನ್ನು ಎಡಕ್ಕೊಂದು ಬಲಕ್ಕೊಂದು ಎಳೆದರೆ ಕಾಂಡಕ್ಕೆ ಗಾಯವಾಗದೆ ಕಳಚಿಕೊಳ್ಳುತ್ತದೆ. ಆಮೇಲೆ ಗಾಯ ಒಣಗುವವರೆಗೆ ಎಲೆಗೆ ನೀರು ಸೋಕಿಸಬಾರದು.

ಕಪ್ಪು ಕೊಳೆ ಬೇರೆಯೇ ಕತೆ. ಫೈಟಾಫ್ತೊರಾ, ಪಿಥಿಯಂ ಎಂಬ ಇದರ ಜೀವಿಗಳನ್ನು ನಾವೆಲ್ಲ ವಾಡಿಕೆಯಲ್ಲಿ ಶಿಲೀಂಧ್ರ ಎಂದೇ ಕರೆದರೂ ಅವು ಶಿಲೀಂಧ್ರ ಕುಲದವಲ್ಲ, ಊಮೈಸೀಟ್ ಎಂಬ ಬೇರೆ ಗುಂಪು. ಬಾಲವುಳ್ಳ ಬೀಜಾಣುಗಳು ನೀರಿನಲ್ಲಿ ಈಜುತ್ತಾ ಹೋಗಿ ಸೋಂಕು ಹಚ್ಚುತ್ತವೆ. ಕುಲಭೇದದ ಈ ಮಾತು ಪಂಡಿತರ ತಕರಾರೆಂದು ತಳ್ಳಬೇಡಿ. ಗಿಡ ಉಳಿಯುವುದೂ ಸಾಯುವುದೂ ಇದರ ಮೇಲಿದೆ. ಎಲೆಚುಕ್ಕೆಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬೆಂಡಾಜಿಂ, ಥಯೊಫನೇಟ್ ಮಿಥೈಲ್ ಎಂಬ ಔಷಧಿಗಳು ಊಮೈಸೀಟ್‌ಗಳ ಮೇಲೆ ನಡೆಯುವುದೇ ಇಲ್ಲ. ಮೆಟಲಾಕ್ಸಿಲ್ ಅಥವಾ ಫೊಸೆಟೈಲ್ ಅಲ್ಯೂಮಿನಿಯಂ ಬೇಕು. ಕ್ಯಾಟ್ಲಿಯಾದ ಹೊಸ ಚಿಗುರು ಬುಡದಿಂದ ನೇರಳೆಗಪ್ಪಾಗುತ್ತಾ ಬಂದು, ಹಿಡಿದೆಳೆದರೆ ಕೈಗೇ ಬರುತ್ತಿದ್ದರೆ ಇದನ್ನು ನೆನೆಯಿರಿ. ಆಗಲೂ ಕೊಳೆತ ಭಾಗವನ್ನು ಬೇರುಕಾಂಡ ಸಮೇತ ಕತ್ತರಿಸಿ ತೆಗೆದ ಮೇಲೆಯೇ ಔಷಧಿ.

ಫೊಸೆಟೈಲ್ ಎಂದೊಡನೆ ನನ್ನದೇ ಒಂದು ಅಪರಾಧ ಹೇಳಬೇಕು. ವೃತ್ತಿಯ ಮೊದಲ ವರ್ಷಗಳಲ್ಲಿ ಒಂದು ಸಾಲು ಡೆಂಡ್ರೋಬಿಯಂಗಳಿಗೆ ಎರಡು ಸಲ ಸಿಂಪಡಿಸುವ ಶ್ರಮ ಉಳಿಸಲು ತಾಮ್ರದ ಔಷಧಿಯನ್ನೂ ಫೊಸೆಟೈಲನ್ನೂ ಒಂದೇ ಟ್ಯಾಂಕಿಗೆ ಸುರಿದೆ. ಫೊಸೆಟೈಲ್ ನೀರನ್ನು ಹುಳಿಯಾಗಿಸುತ್ತದೆ, ಹುಳಿ ನೀರಿನಲ್ಲಿ ತಾಮ್ರ ಹೆಚ್ಚು ಕರಗುತ್ತದೆ, ಕರಗಿದ ತಾಮ್ರ ಎಲೆಯನ್ನೇ ಸುಡುತ್ತದೆ. ಸಾಲದ್ದಕ್ಕೆ ಡೆಂಡ್ರೋಬಿಯಂಗೆ ಮೊದಲಿನಿಂದಲೂ ತಾಮ್ರ ಆಗಿಬರುವುದಿಲ್ಲ. ಎರಡು ವಾರದಲ್ಲಿ ಎಲೆಗಳೆಲ್ಲ ಹಳದಿಯಾಗಿ ಉದುರಿ ಬರೀ ಕೋಲುಗಳು ನಿಂತಿದ್ದವು. ಅಷ್ಟು ಗಿಡ ಯಾವ ರೋಗದಿಂದಲೂ ಬೋಳಾದದ್ದನ್ನು ನಾನು ನೋಡಿಲ್ಲ. ಬ್ಯಾಕ್ಟೀರಿಯಾ ಹರಡದಂತೆ ತಡೆಯಲು ತಾಮ್ರ ಒಳ್ಳೆಯದೇ, ಆದರೆ ಡೆಂಡ್ರೋಬಿಯಂಗೆ ಬೇಡ, ಹೂವು ಮೊಗ್ಗಿರುವ ಗಿಡಕ್ಕೆ ಬೇಡ, ಹುಳಿ ದ್ರಾವಣದ ಜೊತೆಗಂತೂ ಬೇಡವೇ ಬೇಡ.

ನಿಜವಾದ ಶಿಲೀಂಧ್ರದ ಚುಕ್ಕೆಗಳ ವಿಷಯದಲ್ಲಿ ನಾನು ಸ್ವಲ್ಪ ಉದಾಸೀನನೇ. ಸರ್ಕೊಸ್ಪೊರಾ ಎಲೆಯ ಅಡಿಯಲ್ಲಿ ಹಳದಿ ಮಚ್ಚೆಯಾಗಿ ಶುರುವಾಗಿ ಆಮೇಲೆ ಮೇಲ್ಭಾಗಕ್ಕೆ ಬಂದು ಕಪ್ಪಾಗುತ್ತದೆ. ಚಿಬ್ಬು ರೋಗ ತುದಿಯಿಂದ ಹಿಂದಕ್ಕೆ ಒಣಗಿಸುತ್ತಾ ಬರುತ್ತದೆ, ಒಣಗಿದ ಜಾಗದಲ್ಲಿ ಉಂಗುರದೊಳಗೆ ಉಂಗುರ, ಅದರ ಮೇಲೆ ಸೂಜಿಮೊನೆಯಂಥ ಕಪ್ಪು ಚುಕ್ಕಿ. ವಾಂಡಾ ಎಲೆ ಸವರಿದರೆ ಮರಳು ಕಾಗದದಂತೆ ಒರಟಾಗಿದ್ದರೆ ಅದು ಫಿಲೋಸ್ಟಿಕ್ಟಾ. ಚಿಬ್ಬು ಹೆಚ್ಚಾಗಿ ಬಿಸಿಲಿಗೋ ಗೊಬ್ಬರದ ಉಪ್ಪಿಗೋ ಆಗಲೇ ಸೊರಗಿದ ಎಲೆಗೇ ಬರುವುದು. ಕೆಳಗಿನ ಮುದಿ ಎಲೆಯೊಂದರಲ್ಲಿ ನಾಲ್ಕು ಚುಕ್ಕೆ ಎಂದರೆ ನಾನು ಔಷಧಿ ಬರೆಯುವುದಿಲ್ಲ. ಹೊಸ ಎಲೆಗಳಿಗೂ ಏರತೊಡಗಿದರೆ ಮಾತ್ರ ಮ್ಯಾಂಕೋಜೆಬ್‌ನಂಥ, ಎಲೆಯ ಮೇಲೆಯೇ ಉಳಿಯುವ ಸ್ಪರ್ಶ ಔಷಧಿ, ಅದರ ಸರದಿಯ ನಂತರ ಗಿಡದೊಳಗೆ ಹೀರಿಕೊಳ್ಳುವ ಒಂದು ಅಂತರ್ವ್ಯಾಪಿ. ಬರೀ ಅಂತರ್ವ್ಯಾಪಿಯನ್ನೇ ಮತ್ತೆ ಮತ್ತೆ ಹೊಡೆದರೆ ಅದಕ್ಕೆ ಬಗ್ಗದ ಶಿಲೀಂಧ್ರವನ್ನು ನಾವೇ ಸಾಕಿದಂತೆ. ಸೀಸೆಯ ಹೆಸರು ಬದಲಿಸಿದರೆ ಸಾಲದು, ಒಳಗಿನ ಮೂಲವಸ್ತು ಬದಲಾಗಿದೆಯೇ ಎಂದು ಸಣ್ಣ ಅಕ್ಷರ ಓದಬೇಕು.

ದಾಲ್ಚಿನ್ನಿ ಪುಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಲೆ ಕತ್ತರಿಸಿದ ಗಾಯಕ್ಕೆ ಹಚ್ಚಿ, ಗಾಯ ಬೇಗ ಒಣಗುತ್ತದೆ. ಒಣಗಿಸುವ ಗುಣದಿಂದಾಗಿಯೇ ಬೇರಿಗೆ ಬಿದ್ದರೆ ಬೇರು ಸಾಯುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬಂದಾಗ ರೋಗ ಸಾಯುತ್ತಿದೆ ಎಂದು ಖುಷಿಪಡುವವರಿದ್ದಾರೆ. ಜೀವಂತ ಅಂಗಾಂಶ ತಗುಲಿದರೂ ಅದು ನೊರೆ ಬರುತ್ತದೆ. 3 ಪ್ರತಿಶತದ ದ್ರಾವಣ ಒಂದು ಸಲಕ್ಕೆ ಪರವಾಗಿಲ್ಲ, ದಿನಾ ಹಾಕಿದರೆ ಮಾಯುವ ಗಾಯವನ್ನು ಕೆದಕಿದಂತೆ.

ಇಷ್ಟೆಲ್ಲ ರೋಗಗಳಿಗೂ ಸಮಾನವಾಗಿ ಬೇಕಾದದ್ದು ಗಂಟೆಗಟ್ಟಲೆ ಒದ್ದೆಯಾಗಿರುವ ಎಲೆ. ನೀರು ಬೆಳಿಗ್ಗೆ ಹಾಕಿ, ಕತ್ತಲಾಗುವ ಮೊದಲು ಎಲೆ ಒಣಗಿರಲಿ. ಸುಳಿಯಲ್ಲಿ ನಿಂತ ನೀರನ್ನು ಕಾಗದದ ಚೂರಿನಿಂದ ಹೀರಿ ತೆಗೆಯಿರಿ. ರಾತ್ರಿಯಿಡೀ ತಿರುಗುವ ಒಂದು ಸಣ್ಣ ಫ್ಯಾನು ನನ್ನ ಚೀಟಿಯಲ್ಲಿರುವ ಅರ್ಧ ಔಷಧಿಗಳನ್ನು ಹೊಡೆದುಹಾಕುತ್ತದೆ. ಸಾರಜನಕ ಹೆಚ್ಚಿರುವ ಗೊಬ್ಬರ ಮೃದುವಾದ, ನೀರು ತುಂಬಿದ ಎಲೆ ಬೆಳೆಸುತ್ತದೆ. ಬ್ಯಾಕ್ಟೀರಿಯಾಕ್ಕೆ ಅದು ಹಬ್ಬದೂಟ.

ಕೊನೆಗೆ ಫೆಲನಾಪ್ಸಿಸ್‌ನ ಸುಳಿಯೇ ಕೊಳೆತು ಕೈಗೆ ಬಂದವರಿಗೆ. ಈ ಗಿಡ ಒಂದೇ ಸುಳಿಯಿಂದ ಬೆಳೆಯುವಂಥದ್ದು, ಆ ಸುಳಿ ಮತ್ತೆ ಬರುವುದಿಲ್ಲ. ಆದರೂ ಕೆಳಗಿನ ಎರಡು ಎಲೆ ಗಟ್ಟಿಯಾಗಿ, ಬೇರು ಹಸಿರಾಗಿದ್ದರೆ ಕುಂಡವನ್ನು ಎಸೆಯಬೇಡಿ. ಕೊಳೆತದ್ದನ್ನು ಕೆತ್ತಿ ತೆಗೆದು, ಒಣಗಿಸಿ, ಉಳಿದ ಗಿಡಗಳಿಂದ ದೂರ ನೆರಳಲ್ಲಿಟ್ಟು ಬೇರಿಗೆ ಮಾತ್ರ ನೀರು ಕೊಡಿ. ಕೆಲವು ತಿಂಗಳ ಮೇಲೆ ಬುಡದ ಪಕ್ಕದಿಂದ ಮರಿಯೊಂದು ಮೂಡಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ. ಅದರ ಎರಡನೆಯ ಎಲೆ ಪೂರ್ತಿ ಬಿಚ್ಚಿಕೊಂಡು, ಕಲೆಯಿಲ್ಲವೆಂದು ದೀಪಕ್ಕೆ ಹಿಡಿದು ನೋಡಿದ ಮೇಲೆ ಸಾಲಿಗೆ ಸೇರಿಸಿ.